ಬಿಳಿ ಕಾಗಿ ಕಂಡ್ರ ಗ್ರೂಪಿಗೆ ಹಾಕಬ್ಯಾಡ್ರಿ

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿನಾಗ ಒಂದು ಬಿಳಿ ಗುಬ್ಬಿ ಫೋಟೋ ಬಂತು. ಯಾರದೋ ಹಿತ್ತಲಾ, ಯಾವುದೋ ಊರು. ಫಾರ್ವರ್ಡ್ ಆಗಿ ಆಗಿ ಗುಬ್ಬಿ ಮಾರಿನ ಮಸುಕಾಗಿತ್ತು. ಕೆಳಗ "ಅಪರೂಪದ ಅಲ್ಬಿನೋ ಗುಬ್ಬಿ, ನೋಡಿದವರಿಗೆ ವಾರದೊಳಗ ಶುಭ ಸುದ್ದಿ, ಹನ್ನೊಂದು ಮಂದಿಗೆ ಕಳಸ್ರಿ" ಅಂತ ಬರದಿತ್ತು. ಹತ್ತು ನಿಮಿಷದಾಗ ಹದಿನಾಲ್ಕು ಮುಗದ ಕೈ, ಆರು ಹೂವು, ಹುಬ್ಬಳ್ಳಿ ಅತ್ಯಾ ಅವರದೊಂದು "ನನ್ನ ಪುಣ್ಯ". ಇಬ್ಬರು "ಎಲ್ಲಿ ಅದ, ಲೊಕೇಶನ್ ಕಳಸ್ರಿ" ಅಂದ್ರು. ನಾ ಏನೂ ಹಾಕಲಿಲ್ಲ. ಸಂಜೀಮುಂದ ನಮ್ಮ ನಾದಿನಿ ಫೋನ್ ಮಾಡಿ, "ಯಾಕ ವೈನಿ, ಎಲ್ಲಾರೂ ಕೈ ಮುಗದ್ರು, ನೀವು ನೋಡಿದ್ರೂ ಸುಮ್ನ ಕೂತ್ರಿ?" ಅಂತ ಕೇಳಿದಳು. ಎರಡು ನೀಲಿ ಗೆರಿ ಎಣಿಸೋದ್ರಾಗ ಅಕಿ ಭಾಳ ಹುಷಾರ.

ಯಾಕ ಸುಮ್ನ ಕೂತೆ ಅನ್ನೋದನ್ನ ಇಲ್ಲೇ ಬರೀತೀನಿ. ಸಿಟ್ಟಿಗೇಳಾವರು ಏಳ್ರಿ, ಆದ್ರ ಪೂರ್ತಿ ಓದಿ ಏಳ್ರಿ. ಯಾಕಂದ್ರ ಇದರಾಗ ಮದಲನೇ ತಪ್ಪು ನಂದ ಅದ.

ಹೋದ ವರ್ಷದ ಬ್ಯಾಸಗಿ. ಮಾಳಗಿ ಮ್ಯಾಲೆ ಹಳೇ ಧೋತರ ಹಾಸಿ ಅಕ್ಕಿ ಸಂಡಿಗಿ ಇಟ್ಟಿದ್ದೆ. ಸಂಡಿಗಿ ಇಟ್ಟ ಮ್ಯಾಲೆ ನಮಗೂ ಕಾಗಿಗೂ ಏನು ಯುದ್ಧ ನಡೀತದ ಅನ್ನೋದು ನಿಮಗ ಗೊತ್ತ ಅದ. ನಮ್ಮತ್ತಿಯವರು ಇದ್ದಾಗ ನಾಕೂ ಮೂಲಿಗೆ ಕಲ್ಲಿಟ್ಟು ನಡಕ ಕರೇ ಛತ್ರಿ ಬಿಚ್ಚಿ ಇಡತಿದ್ರು. ನಾ ಒಂದು ಹಳೇ ಕರೇ ಪರಕಾರ ಕೋಲಿಗೆ ಕಟ್ಟಿ ನಿಲ್ಲಸತೀನಿ. ಎರಡು ದಿವಸ ಹೆದರತಾವ, ಮೂರನೇ ದಿವಸ ಅದ ಪರಕಾರದ ಮ್ಯಾಲೆ ಕೂತು ಸಂಡಿಗಿ ತಿಂತಾವ. ಆ ದಿವಸಾನೂ ಕೈಯಾಗ ಬಡಗಿ ಹಿಡಕೊಂಡು, ಬಾಯಾಗ ಬಯ್ಯಕೋತ, ಹಿತ್ತಲದ ಬೇವಿನ ಗಿಡದ ಕಡೆ ನೋಡಿದೆ. ಹೋಳಿ ಹುಣ್ಣಿವಿ ಆದಾಗಿಂದ ಅಲ್ಲಿ ಒಂದು ಜೋಡಿ ಗೂಡು ಕಟ್ಟಿದ್ವು. ಕೆಳಗಿನ ಟೊಂಗಿ ಮ್ಯಾಲೆ ಮೂರು ಮರಿ ಸಾಲಾಗಿ ಕೂತಿದ್ವು. ಎರಡು ಕರೇವು. ಒಂದು ಬಿಳೇದು.

ಬಿಳೇದು ಅಂದ್ರ ಹಾಲಿನ ಕೆನಿ ಬಣ್ಣ. ಒಂದ ಒಂದು ಕರೇ ಗರಿ ಇಲ್ಲ. ಕೊಕ್ಕು ತಿಳಿ ಗುಲಾಬಿ, ಕಾಲೂ ಹಂಗ. ಬಿಸಲು ಬಿದ್ದಾಗೊಮ್ಮೆ ಕಣ್ಣು ಮುಚ್ಚತಿತ್ತು, ತಲಿ ರೆಕ್ಕಿ ಸಂದ್ಯಾಗ ಇಡತಿತ್ತು. ಮ್ವಾಡ ಬಂದಾಗ ಒಮ್ಮೆ ಕಣ್ಣು ತಗದು ನನ್ನ ಕಡೆ ನೋಡ್ತು. ದಾಳಿಂಬ್ರದ ಕಾಳಿನಂಥಾ ಕಣ್ಣು. ಅಷ್ಟೊತ್ತಿಗೆ ಅದರ ತಾಯಿನೋ ತಂದಿನೋ, ಕಾಗಿಯೊಳಗ ಗಂಡ್ಯಾವುದು ಹೆಣ್ಯಾವುದು ನೋಡಿ ಹೇಳೋದು ಆಗೋದಲ್ಲ, ನನ್ನ ಕಣ್ಣ ಮುಂದ ನನ್ನ ಸಂಡಿಗಿನ ಎತಗೊಂಡು ಹೋಗಿ ಆ ಬಿಳಿ ಬಾಯಾಗ ತುರುಕ್ತು. ಆಮ್ಯಾಲೆ ಬಾಜೂ ಕರೇ ಬಾಯಾಗ. ಮಗು ಬಿಳೇದದನೋ ಕರೇದದನೋ ಅನ್ನೋ ಖಬರ ಅದಕ್ಕೇನೂ ಇರಲಿಲ್ಲ.

ನಾ ಬಡಗಿ ಕೆಳಗ ಇಟ್ಟು ಕೈ ಮುಗದೆ. ಖರೇ ಹೇಳತೀನಿ, ಮುಗದೆ. ಒಂದು ನಿಮಿಷದ ಹಿಂದ "ಹಾಳಾಗಿ ಹೋಗ್ರಿ" ಅಂತ ಬೈದ ಬಾಯಿ, ಒಂದು ಬಿಳೇದು ಕಂಡ ಕೂಡಲೆ "ಕೃಷ್ಣಾರ್ಪಣ" ಅಂತು. ಆಮ್ಯಾಲೆ ಫೋನ್ ತಂದು ನಾಕು ಫೋಟೋ ಹೊಡದೆ. ಫ್ಯಾಮಿಲಿ ಗ್ರೂಪಿಗೊಂದು, ನಮ್ಮ ಓಣಿ ಭಜನಾ ಮಂಡಳಿ ಗ್ರೂಪಿಗೊಂದು. ಕೆಳಗ ಏನು ಬರದೆ ಅಂತ ಕೇಳ್ರಿ: "ನಮ್ಮನಿ ಹಿಂದಿನ ಬೇವಿನ ಗಿಡ, ಕೆಳಗಿನ ಟೊಂಗಿ, ಮಾಳಗಿಯಿಂದ ಛಲೋ ಕಾಣತದ." ಚಹಾಕ್ಕ ಬರ್ರಿ ಅಂತ ಒಂದು ಬರೀಲಿಲ್ಲ ಅಷ್ಟ.

ಬರೀದಿದ್ರೂ ಬಂದ್ರು. ಮುಂಜಾನೆ ಹತ್ತಕ್ಕ ಹಾಕಿದ್ದೆ, ಹನ್ನೆರಡಕ್ಕ ಅಂಗಳದಾಗ ಚಪ್ಪಲಿ ಇಡಲಿಕ್ಕೆ ಜಾಗ ಇರಲಿಲ್ಲ. ಮರುದಿವಸ ಗುರ್ತಿಲ್ಲದವರೂ ಬಂದ್ರು. ಒಬ್ಬಾಕಿ ಅರಿಷಿಣ ಕುಂಕುಮ ತಂದು ಗಿಡದ ಬುಡಕ ಏರಿಸಿದಳು. ಒಬ್ಬಾಕಿ ವಾಟಗದಾಗ ಹಾಲು ಇಟ್ಟಳು. ಹಕ್ಕಿ ಹೊಟ್ಟಿಗೆ ಹಾಲು ಪಚನ ಆಗೋದಲ್ಲ ಅಂತ ಆವಾಗ ನನಗೂ ಗೊತ್ತಿರಲಿಲ್ಲ. ಮ್ಯಾಗಿನ ಓಣಿ ಹುಡುಗೂರು ಸೆಲ್ಫೀ ಬೇಕಂತ ಗಿಡಾ ಏರಿದ್ವು. ಮೂರನೇ ದಿವಸ ಉದ್ದನ್ನ ಕ್ಯಾಮೆರಾದಾಂವ ಒಬ್ಬ ಬಂದ. ಮರಿ ರೆಕ್ಕಿಯೊಳಗ ತಲಿ ಇಟಗೊಂಡು ಕೂತದ, ಕಣ್ಣು ತೋರಿಸವಲ್ದು ಅಂತ ಮೊಬೈಲಿನಾಗ ಕಾಗಿ ಒದರೋ ದನಿ ಜೋರಾಗಿ ಹಚ್ಚಿದ. ಹಚ್ಚಿದ್ದ ತಡ, ಇಡೀ ಓಣಿ ಕಾಗಿ ಎಲ್ಲಾ ಗಿಡದ ಮ್ಯಾಲೆ ಬಂದು ಬಿದ್ವು. ತಾಯಿ-ತಂದಿ ಎರಡೂ ಮಂದಿ ತಲಿ ಮ್ಯಾಲೆ ಎರಗಲಿಕ್ಕೆ ಹತ್ತಿದ್ವು. ಮರಿ ಕಾಯಬೇಕೋ, ಮರಿಗೆ ತುತ್ತು ತರಬೇಕೋ ಅವಕ್ಕ ತಿಳೀದಂಗಾತು. ಆ ಮೂರು ದಿವಸ ನನ್ನ ಸಂಡಿಗಿಗೆ ಒಂದ ಒಂದು ಕಾಗಿ ಬಾಯಿ ಹಾಕಲಿಲ್ಲ. ಆವಾಗರ ನನಗ ತಿಳೀಬೇಕಾಗಿತ್ತು, ಆ ಮಕ್ಕಳು ಉಪವಾಸ ಕೂತಾವ ಅಂತ.

ಬಂದವರೊಳಗ ಎರಡು ಪಾರ್ಟಿ ಆದ್ವು, ಅದನ್ನೂ ಹೇಳಬೇಕು. ಒಂದು ಪಾರ್ಟಿಯವರಿಗೆ ಅದು ನಮ್ಮತ್ತಿಯವರು. "ನಿಮ್ಮತ್ತಿನ ಬಂದಾರ ನೋಡ್ರಿ, ಯಾವಾಗಲೂ ಬಿಳಿ ಸೀರಿ ಉಡತಿದ್ರಲಾ" ಅಂತ ಒಬ್ಬಾಕಿ ಕಣ್ಣೀರು ಹಾಕಿದಳು. ನಮ್ಮತ್ತಿಯವರು ಬಿಳಿ ಸೀರಿ ಉಟ್ಟದ್ದು ಮನಸ್ಸಿದ್ದಲ್ಲ, ಅಕೀಗೂ ಗೊತ್ತು. ಇನ್ನೊಂದು ಪಾರ್ಟಿಯವರಿಗೆ ಅದು ಅಪಶಕುನ. ಕಾಗಿ ಶನಿ ವಾಹನ, ವಾಹನದ ಬಣ್ಣಾನ ಕೆಟ್ಟದ ಅಂದ್ರ ಮನೀಗೆ ಏನೋ ಕಾದದ, ಓಡಸ್ರಿ ಅಂದ್ರು. ಒಬ್ಬಾಕಿ ಖರೇನ ಒಂದು ಹೆಂಟಿ ಎತ್ತಿ ಒಗದಳು. ಅದ ಮರಿ, ಅದ ಟೊಂಗಿ. ಒಂದು ಕಡಿಂದ ಕುಂಕುಮ, ಇನ್ನೊಂದು ಕಡಿಂದ ಹೆಂಟಿ.

ನಾಕನೇ ದಿವಸ ಮುಂಜಾನೆ ಟೊಂಗಿ ಮ್ಯಾಲೆ ಎರಡ ಮರಿ ಇದ್ವು. ನಮ್ಮ ಕೆಲಸದಾಕಿ ಕಸಾ ಹೊಡೀವಾಗ ಕರಿಬೇವಿನ ಗಿಡದ ಕೆಳಗ ಬಿಳೇದು ಸಿಕ್ತು. ಇರವಿ ಮುತ್ತಿದ್ವು. ಅಲ್ಲೇ ತಗ್ಗು ತಗದು ಇಟ್ಟೆ. ಗ್ರೂಪಿನಾಗ ಹೇಳಲಿಲ್ಲ. "ಇವತ್ತು ದರ್ಶನ ಅದನೋ ಇಲ್ಲೋ?" ಅಂತ ಕೇಳಿದವರಿಗೆ "ಹಾರಿ ಹೋತು" ಅಂದೆ.

ಅದಾದ ಮ್ಯಾಲೆ ನಿದ್ದಿ ಬರಲಾರದ ಹೊತ್ತಿನಾಗ ಕೂತು ಕೂತು ಓದಿದೆ. ಮಗಳು ಒಂದಿಷ್ಟು ಹುಡಿಕಿ ಕೊಟ್ಟಳು. ಓದಿದ ಮ್ಯಾಲೆ ಸಂಕಟ ಹೆಚ್ಚಾತ ಹೊರತು ಕಡಿಮಿ ಆಗಲಿಲ್ಲ.

ಕಾಗಿ ಕರೇದಾಗೋದು ಮೆಲನಿನ್ ಅನ್ನೋ ಬಣ್ಣದಿಂದ. ನಮ್ಮ ಕೂದಲು, ಕಣ್ಣಿನ ಕರೇ ಗುಡ್ಡಿ, ಚರ್ಮ ಎಲ್ಲಾಕೂ ಅದ ಬಣ್ಣ. ಮೈಯಾಗ ಈ ಬಣ್ಣಾ ತಯಾರಾಗಬೇಕಂದ್ರ ಟೈರೋಸಿನೇಸ್ ಅನ್ನೋದೊಂದು ಕಿಣ್ವ ಬೇಕು. ಕಿಣ್ವ ಅಂದ್ರ ನಮ್ಮ ಹೆಪ್ಪು ಇದ್ದಂಗ ಅಂತ ತಿಳಕೋರಿ. ಹಾಲದ, ಗಡಿಗಿ ಅದ, ಒಲಿ ಮ್ಯಾಲಿಟ್ಟು ಉಗುರು ಬೆಚ್ಚಗ ಮಾಡಿದ್ದೂ ಆಗೇದ, ಹೆಪ್ಪ ಇಲ್ಲಂದ್ರ ಮೊಸರೆಲ್ಲಿದು? ಆ ಹೆಪ್ಪು ಹುಟ್ಟಿನಿಂದ ಕೆಲಸ ಮಾಡಲಾರದ ಹಕ್ಕಿಗೆ ಅಲ್ಬಿನೋ ಅಂತಾರ. ಅದಕ್ಕ ಗರಿಯಾಗಷ್ಟ ಅಲ್ಲ, ಕೊಕ್ಕಿನಾಗ, ಕಾಲಿನಾಗ, ಕಣ್ಣಿನಾಗೂ ಕರೇ ಬಣ್ಣ ಇರಂಗಿಲ್ಲ. ಕಣ್ಣು ಕೆಂಪು ಕಾಣೋದು ಒಳಗಿನ ರಕ್ತನಾಳ ಕಾಣೋದಕ್ಕ. ನಾ "ದಾಳಿಂಬ್ರ" ಅಂತ ಹೊಗಳಿದ ಕಣ್ಣು ಅದು.

ಇನ್ನೊಂದು ಥರದ ಬಿಳಿ ಹಕ್ಕಿ ಇರತಾವ, ಲ್ಯೂಸಿಸಂ ಅಂತ ಹೆಸರು. ಅಲ್ಲೆ ಹೆಪ್ಪಿಗೇನೂ ಆಗಿರಂಗಿಲ್ಲ. ಹೆಪ್ಪು ಹಾಕೋ ಅಡಿಗಿಯಾಕಿನ ಗರಿತನಕ ಬಂದು ಮುಟ್ಟಿರಂಗಿಲ್ಲ. ಬಣ್ಣ ಮಾಡೋ ಜೀವಕೋಶನ ಚರ್ಮದಾಗ ಇರಂಗಿಲ್ಲ. ಆದ್ರ ಕಣ್ಣು ಕರೇವ ಇರತಾವ, ಸರಿಯಾಗಿ ಕಾಣತಾವ. ಅರ್ಧ ಬಿಳಿ, ಅಲ್ಲಲ್ಲೆ ಚುಕ್ಕಿ ಚುಕ್ಕಿ ಬಿಳಿ ಆದವೂ ಇರತಾವ. ವಯಸ್ಸಾಗತ ಹೋದಂಗ ನಮ್ಮ ಕೂದಲಿನಂಗ ಬೆಳ್ಳಗಾಗೋವು ಇರತಾವ, ತಿನ್ನೋದು ನೆಟ್ಟಗಿಲ್ಲದ ಬಿಳಿ ಗರಿ ಬರೋ ಊರಕಾಗಿನೂ ಇರತಾವ. ಇಂಗ್ಲಂಡಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಾಗ ಹಕ್ಕಿ ಸಂಗ್ರಹ ನೋಡಕೊಳ್ಳೋ ಹೈನ್ ವ್ಯಾನ್ ಗ್ರೌ ಅನ್ನೋವರು ಇದನ್ನ ವರ್ಷಗಟ್ಲೆ ಹೇಳಕೋತ ಬಂದಾರ, ಬಿಳಿ ಹಕ್ಕಿ ಎಲ್ಲಾ ಅಲ್ಬಿನೋ ಅಲ್ಲ ಅಂತ. 2016ರಾಗ ಅವರು ನಮ್ಮ ದೇಶದ ಸಂಶೋಧಕರ ಜೋಡಿ ಕೂಡಿ ಭಾರತದಾಗಿನ ಇಂಥಾ ಹಕ್ಕಿ ದಾಖಲೆಗಳನ್ನ ತಿರಗಿ ನೋಡಿದ್ರು. ಅಲ್ಬಿನೋ ಅಂತ ಬರಕೊಂಡಿದ್ದವುದರಾಗ ಭಾಳಷ್ಟು ಅಲ್ಬಿನೋ ಅಲ್ಲಾಂತ ಬಂತು. ಹಂಗಾರ ಆ ಫಾರ್ವರ್ಡ್ ಗುಬ್ಬಿ? ಅದರ ಕಣ್ಣು ಕರೇವಿದ್ವು, ದೊಡ್ಡದು ಮಾಡಿ ನೋಡಿದೆ. ಬಿಳಿ ಗೊರವಂಕ ಕಂಡವರೂ ಅದರ ಹಳದಿ ಕೊಕ್ಕು ನೋಡಿ ಗೊಂದಲ ಮಾಡಕೋಬ್ಯಾಡ್ರಿ. ಆ ಹಳದಿ ಮೆಲನಿನ್ನಲ್ಲ, ತಿನ್ನೋ ಆಹಾರದಿಂದ ಬರೋ ಬ್ಯಾರೆ ಬಣ್ಣ. ಕಣ್ಣು ನೋಡ್ರಿ. ಕಣ್ಣ ಹೇಳತದ.

ಹೆಸರು ಯಾವುದಿದ್ರೇನು, ಅಂದೀರಿ. ನಾನೂ ಹಂಗ ಅಂದಿದ್ದೆ. ಆದ್ರ ಇಲ್ಲೇ ಅದ ಮುಖ್ಯ ಮಾತು. ಕಣ್ಣಿನಾಗ ಕರೇ ಬಣ್ಣ ಇರೋದು ಶೃಂಗಾರಕ್ಕಲ್ಲ. ಬೆಳಕು ಎಷ್ಟು ಬೇಕೋ ಅಷ್ಟ ಒಳಗ ಬಿಡಲಿಕ್ಕೆ, ಕಣ್ಣು ಹುಟ್ಟತನ ಸರಿಯಾಗಿ ಬೆಳೀಲಿಕ್ಕೆ ಅದು ಬೇಕು. ಅದಿಲ್ಲದ ಹಕ್ಕಿಗೆ ಬಿಸಲು ಅಂದ್ರ ಮಾರಿಗೆ ಟಾರ್ಚ್ ಹಿಡದಂಗ. ದೂರ ಎಷ್ಟದ, ಟೊಂಗಿ ಎಲ್ಲದ, ಗೊತ್ತಾಗೋದು ಕಷ್ಟ. ಗರಿಗೂ ಈ ಬಣ್ಣ ಅರಿವಿಗೆ ಗಂಜಿ ಹಾಕಿದಂಗ ಕೆಲಸ ಮಾಡತದ, ಗಟ್ಟಿ ಮಾಡತದ. ಬಿಳಿ ಗರಿ ಲಗೂ ಸವೀತಾವ. ಕೊಕ್ಕರಿ ಜಾತಿಯೊಳಗ ಎಷ್ಟೋ ಹಕ್ಕಿ ಮೈಯೆಲ್ಲಾ ಬಿಳಿ ಇದ್ದು ರೆಕ್ಕಿ ತುದಿ ಕರೇ ಇರೋದನ್ನ ಕೆರಿ ದಂಡಿಗೆ ನೋಡೀರಿ, ಗಾಳಿ ಪೆಟ್ಟು ತಿನ್ನೋ ಜಾಗ ಅದು. ಬಿಳೇದು ಎದ್ದು ಕಾಣತದ, ಹದ್ದು ಹಿಡೀತದ, ಅದಕ್ಕ ಅಲ್ಬಿನೋ ಉಳಿಯಂಗಿಲ್ಲ ಅಂತ ನಾವೆಲ್ಲಾ ಅನಕೊಂಡೀವಿ. ವ್ಯಾನ್ ಗ್ರೌ ಹೇಳೋದು ಅದಕ್ಕಿಂತ ಕಣ್ಣಿನ ಮಾತು. ಕಣ್ಣು ಸರಿ ಕಾಣಲಾರದ್ದಕ್ಕ ಖರೇ ಅಲ್ಬಿನೋಗಳು ಗೂಡು ಬಿಟ್ಟ ಸ್ವಲ್ಪ ದಿವಸದಾಗ ಸಾಯ್ತಾವ, ದೊಡ್ಡದಾಗಿ ಬದಕಿದ್ದು ಬಯಲಾಗ ಸಿಗೋದು ಭಾಳ ಅಪರೂಪ ಅಂತಾರ.

ಅಂದ್ರ ನಮ್ಮ ಹಿತ್ತಲಕ್ಕ ಬಂದದ್ದು ಖರೇ ಅಲ್ಬಿನೋ. ಅದಕ್ಕ ಇದ್ದದ್ದ ನಾಕು ದಿವಸ. ಆ ನಾಕರಾಗ ಮೂರು ದಿವಸ ನಾ ಮಂದಿಗೆ ಹಂಚಿದೆ.

ಇದನ್ನ ಓದಿ ಹೇಳಿದಾಗ ನಾದಿನಿ ಏನಂದಳು ಗೊತ್ತದನ? "ಹಂಗಿದ್ರ ಹೆಂಗೂ ಸಾಯೋದ ಇತ್ತಲ ವೈನಿ, ನೀವ್ಯಾಕ ಮನಸ್ಸಿಗೆ ಹಚಗೊಂಡೀರಿ?" ನನ್ನ ಸಮಾಧಾನಕ್ಕಂದಳು, ಗೊತ್ತದ. ಆದ್ರ ಈ "ಹೆಂಗೂ ಸಾಯೋದ ಇತ್ತು" ಅನ್ನೋ ಮಾತು ನನಗ ತಡಕೊಳ್ಳಲಿಕ್ಕೆ ಆಗಂಗಿಲ್ಲ. ನಮ್ಮತ್ತಿಯವರು ಎಂಟು ತಿಂಗಳು ಹಾಸಗಿ ಹಿಡದಿದ್ರು. ಡಾಕ್ಟರು ಮದಲ ಹೇಳಿದ್ರು, ಇನ್ನ ಏಳಂಗಿಲ್ಲಂತ. ಹೆಂಗೂ ಹೋಗಾವರು ಅಂತ ನಾವು ಆ ಖೋಲಿಗೆ ಮಂದಿ ನುಗ್ಗಿಸಿದ್ವೇನು? ದೀಪ ಸಣ್ಣ ಮಾಡಿದ್ವಿ, ಬಾಗಲಾ ಮುಂದ ಮಾಡಿದ್ವಿ, ಮಾತಾಡೋದನ್ನ ಹೊರಗ ಮಾತಾಡಿದ್ವಿ. ನಾದಿನಿನ ಬಾಗಲದಾಗ ಕೂತು ಬಂದವರನ್ನ ತಿರಗಿ ಕಳಸತಿದ್ದಳು. ಅದನ್ನ ನೆನಪು ಮಾಡಿದೆ. ಅಕಿ ಸುಮ್ನಾದಳು. ಮರಿ ಯಾತರಿಂದ ಸತ್ತಿತು ಅಂತ ನಾ ದೇವರ ಮುಂದ ಪ್ರಮಾಣ ಮಾಡಲಿಕ್ಕೆ ಬರಂಗಿಲ್ಲ. ತುತ್ತು ಬಾಯಿಗೆ ಬರೋ ಹೊತ್ತಿನಾಗ ಮಂದಿ ನಿಂತಿದ್ರು ಅನ್ನೋದನ್ನ ಮಾಡಬಲ್ಲೆ.

ಮತ್ತೊಬ್ಬರು, ಭಜನಾ ಮಂಡಳಿಯವರು, "ನಂಬಿಕಿಗೆ ಯಾಕ ಅಡ್ಡ ಬರತೀರಿ" ಅಂದ್ರು. ನಂಬಿಕಿಗೆ ನಾ ಅಡ್ಡ ಬಂದಿಲ್ರೀ. ಶ್ರಾದ್ಧದ ದಿವಸ ಪಿಂಡ ಇಟ್ಟು ಕಾಗಿ ದಾರಿ ಕಾಯೋದು ನಾನೂ ಕಾದೀನಿ. ಮುಟ್ಟಲಿಲ್ಲಂದ್ರ "ಏನಾರ ಮನಸ್ಸಿನ್ಯಾಗ ಇದ್ರ ಹೇಳ್ರಿ, ನಡಸಿ ಕೊಡತೀವಿ" ಅಂತ ಕೈ ಮುಗದು ನಿಂತೀನಿ. ಆದ್ರ ಆ ಕಾಗಿ ಯಾವ ಬಣ್ಣದ್ದು? ಕರೇದು. ದಿವಸಾ ಸಂಡಿಗಿ ಕದಿಯೋದು. ಪಿತೃಗಳು ಬರೋದಿದ್ರ ಅದರಾಗ ಬರತಾರ, ಬಣ್ಣ ಬದಲು ಮಾಡಿಕೊಂಡು ಯಾಕ ಬರತಾರ? ವರ್ಷದಾಗ ಮುನ್ನೂರಾ ಅರವತ್ತು ದಿವಸ ಕಾಗಿ ಅಂದ್ರ ನಮಗ ಹೊಲಸು. ತಲಿಗೆ ಬಡದ್ರ ಸ್ನಾನ ಮಾಡತೀವಿ. ನಾವು ಮೂರು ದಿವಸ ಹೊರಗ ಕೂತಾಗ ಹುಡುಗೂರು "ಅವ್ವನ್ನ ಯಾಕ ಮುಟ್ಟಬಾರದು" ಅಂತ ಕೇಳಿದ್ರ, ಹಿರೇರು ಹೇಳತಿದ್ದದ್ದೇನು? "ಕಾಗಿ ಮುಟ್ಟೇದ." ನಮ್ಮ ಮೈಲಿಗಿನೂ ಪಾಪ ಕಾಗಿ ಹೆಸರಿಲೇನ ಬರದೀವಿ. ಸರಕಾರದ ಕಾಯ್ದೆದಾಗೂ ಹಂಗ ಇತ್ತು. 1972ರ ವನ್ಯಜೀವಿ ಕಾಯ್ದೆದಾಗ ಕಾಗಿ ಹೆಸರು ಇಲಿ-ಹೆಗ್ಗಣದ ಸಾಲಿನಾಗ, ಉಪದ್ರವ ಕೊಡೋ ಪ್ರಾಣಿ ಅನ್ನೋ ಪಟ್ಟಿಯಾಗಿತ್ತು. 2022ರ ತಿದ್ದುಪಡಿಯಾಗ ಆ ಪಟ್ಟಿನ ತಗದು ಹಾಕ್ಯಾರ. ನಮ್ಮ ಮನಸ್ಸಿನ ಪಟ್ಟಿ ಯಾರು ತಗೀಬೇಕು? ಬಿಳೇದಾದ ಕೂಡಲೆ ಅದ ಕಾಗಿ ದೇವರು. ಹಂಗಾರ ನಾವು ಕೈ ಮುಗದದ್ದು ಕಾಗಿಗಲ್ಲ, ಬಿಳಿ ಬಣ್ಣಕ್ಕ. ಹೆಣ್ಣು ನೋಡಲಿಕ್ಕೆ ಬಂದಾಗ "ಹುಡುಗಿ ಬಣ್ಣ ಹೆಂಗ" ಅಂತ ಕೇಳೋ ಮಂದಿ ನಾವು, ನಮ್ಮ ಭಕ್ತಿನೂ ಅದ ಅಂಗಡಿಗೆ ಹೋಗತದ.

ಈ ಬಿಳಿ ಹುಚ್ಚು ಎಲ್ಲಿತನಕ ಹೋಗತದ ನೋಡ್ರಿ. 1951ರಾಗ ರೇವಾದ ಕಾಡಿನಾಗ ಒಂದು ಬಿಳಿ ಹುಲಿಮರಿ ಸಿಕ್ತು. ಅಲ್ಲಿಯ ಮಹಾರಾಜರು ಅದನ್ನ ಹಿಡಸಿ ಅರಮನ್ಯಾಗ ಸಾಕಿದ್ರು, ಮೋಹನ್ ಅಂತ ಹೆಸರಿಟ್ಟು. ಬಿಳಿ ಮರಿ ಮತ್ತ ಬೇಕಂತ ಆಮ್ಯಾಲೆ ಅದರ ಮಗಳ ಜೋಡಿನ ಅದನ್ನ ಕೂಡಿಸಿದ್ರು. ಝೂದಾಗ ನಾವು ಟಿಕೆಟ್ ತಗೊಂಡು ನೋಡೋ ಬಿಳಿ ಹುಲಿಗೋಳೆಲ್ಲಾ ಇಂಥಾ ರಕ್ತಸಂಬಂಧದಾಗ ಹುಟ್ಟಿದವು. ಎಷ್ಟಕ್ಕೋ ಕಣ್ಣು ಮಾಲು. ಅವು ಅಲ್ಬಿನೋನೂ ಅಲ್ಲ, ಪಟ್ಟಿ ಇರತಾವಲಾ. ಬಿಳಿ ನವಿಲೂ ಅಲ್ಬಿನೋ ಅಲ್ಲ. ಇರಲಿ. ನಮ್ಮ ಹಿತ್ತಲಕ್ಕೂ ಎರಡನೇ ದಿವಸ ಒಬ್ಬಾಂವ ಬಂದು ನಮ್ಮನಿಯವರನ್ನ ಬಾಜೂ ಕರದು, "ಹಿಡದು ಕೊಟ್ರ ಐದು ಸಾವಿರ ಕೊಡತೀನಿ, ಪಂಜರಾ ನಂದ" ಅಂದಿದ್ದ. ನಮ್ಮನಿಯವರು ಬೈದು ಕಳಸಿದ್ರು. ಆದ್ರ ಆಂವಗ ಗಿಡದ ಗುರ್ತು ಹೇಳಿದವರ್ಯಾರು? ನಾನ. ನನ್ನ ಫೋಟೋ ಅವನ ಫೋನಿನಾಗ ಇತ್ತು, ನಾ ಬರದದ್ದೆಲ್ಲಾ ಕೆಳಗ ಇತ್ತು.

ಈಗ ಬರಿಯೋ ಮಾತನ್ನ ಬರೀಲೋ ಬ್ಯಾಡೋ ಅಂತ ಎರಡು ಸಲ ಅಳಿಸಿದೆ. ಮೌಶಿ ಮಗಳಿಗೆ ಕೇಳಿದೆ. "ಬರಿಯೇ ಅಕ್ಕಾ, ಹೆಸರೊಂದು ಬ್ಯಾಡ" ಅಂದಳು.

ಅಕಿಗೂ ಅದ ಇರೋದು. ಹುಟ್ಟತನ ಕೂದಲು ಬೆಳ್ಳಗ, ರೆಪ್ಪಿ ಬೆಳ್ಳಗ. ಮನ್ಯಾಗ ಹಿರೇರೆಲ್ಲಾ ಕೂಡಿ ಕಾರಣ ಹುಡಿಕಿದ್ದು ಏನಂದ್ರ, ಮೌಶಿ ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದಳಂತ. ಇಪ್ಪತ್ತು ವರ್ಷ ಆ ಮಾತು ಕೇಳಕೋತ ಮೌಶಿ ಅಡಗಿಮನ್ಯಾಗ ಅತ್ತಾಳ. ಈ ಗುಣ ತಾಯಿ ಕಡಿಂದ ಒಂದು, ತಂದಿ ಕಡಿಂದ ಒಂದು, ಎರಡೂ ಕೂಡಿದಾಗಷ್ಟ ಕೂಸಿನಾಗ ಕಾಣತದ. ತಾಯಿ-ತಂದಿ ಇಬ್ಬರೂ ನೋಡಲಿಕ್ಕೆ ಎಲ್ಲಾರಂಗ ಇರತಾರ. ಮೌಶಿನ್ನ ಸ್ವಾದರಮಾವಗ ಕೊಟ್ಟಿದ್ರು. ಮನಿಯ ಗುಣ ಮನ್ಯಾಗ ಕೂಡೋದಕ್ಕ ದಾರಿ ಮಾಡಿಕೊಟ್ಟವರು ಹಿರೇರ, ಬಾಯಿಗೆ ಸಿಕ್ಕಾಕಿ ಮೌಶಿ.

ಶಾಳ್ಯಾಗ ಅಕಿನ್ನ ಮುಂದಿನ ಬೆಂಚಿಗೆ ಕೂಡಿಸಿದ್ರೂ ಬೋರ್ಡು ಕಾಣತಿರಲಿಲ್ಲ. ಓದಲಿಕ್ಕೆ ಮನಸ್ಸಿಲ್ಲ ಅಂತ ಮಾಸ್ತರು ಹೊಡದಾರ. ಬಿಸಲಿಗೆ ಹೋದ್ರ ಮಾರಿ ಸುಟ್ಟು ಕೆಂಪಾಗತಿತ್ತು. ಲಗ್ನದ ಮನಿಗೆ ಬಂದ್ರ ಹೊಸಾ ಮದುವಣಗಿತ್ತಿ ಮುಂದ ಬರಬ್ಯಾಡ ಅಂತ ಹಿಂದ ಕೂಡಸತಿದ್ರು. ಓಣ್ಯಾಗ ಕರೀತಿದ್ದ ಹೆಸರು ನಾ ಬರಿಯಂಗಿಲ್ಲ, ನಿಮ್ಮೊಳಗ ಕೆಲವರು ಕರದೀರಿ. ನಾ ಸಣ್ಣಾಕಿದ್ದಾಗ ಕರದೀನಿ.

ಕಾಗಿ ನೋಡಲಿಕ್ಕೆ ಅಕೀನೂ ಬಂದಿದ್ದಳು, ಎರಡನೇ ದಿವಸ. ಕಪ್ಪು ಚಶ್ಮಾ ಹಾಕ್ಕೊಂಡು, ಛತ್ರಿ ಹಿಡಕೊಂಡು. ಅಕಿಗೆ ಟೊಂಗಿ ಮ್ಯಾಲಿನ ಮರಿ ಕಾಣಲಿಲ್ಲ, ಬಿಳೇದೇನೋ ಅದ ಅಂತಷ್ಟ ಕಾಣತು. ನನ್ನ ಫೋಟೋ ಮೂಗಿಗೆ ಹತ್ತೋಷ್ಟು ಹತ್ರ ಹಿಡಕೊಂಡು ನೋಡಿದಳು. ನೋಡಿ, "ಅಕ್ಕಾ, ಅದಕ್ಕ ಬಿಸಲು ತಡಿಯವಲ್ದು. ಮಂದಿನ್ನ ಕಳಸು" ಅಂದಳು. ಅಷ್ಟೊತ್ತಿಗೆ ಆರತಿ ತಾಟು ಹಿಡದಿದ್ದ ಒಬ್ಬಾಕಿ ಅಕಿನ್ನ ನೋಡಿ, ತಾಟು ಸೆರಗಿಲೆ ಮುಚಗೊಂಡು ಒಂದು ಹೆಜ್ಜಿ ಸರದು ನಿಂತಳು. ಹಕ್ಕಿ ಮ್ಯಾಲೆ ದೇವರ ಕಳೆ, ಹುಡುಗಿ ಮ್ಯಾಲೆ ದೋಷ. ಎರಡಕ್ಕೂ ಇರೋದು ಒಂದ ಕಾರಣ, ಒಂದ ಹೆಪ್ಪು. ಅಲ್ಲಿದ್ದ ಇಪ್ಪತ್ತು ಮಂದಿಯೊಳಗ ಹಕ್ಕಿಗೆ ಏನು ತ್ರಾಸ ಆಗೇದಂತ ಗೊತ್ತಾದಾಕಿ ಅಕಿ ಒಬ್ಬಾಕಿನ. ಅಕಿ ಮಾತು ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, ನಾನೂ ಹಾಕ್ಕೊಳ್ಳಲಿಲ್ಲ. ಬಂದವರಿಗೆ ಚಹಾ ಸೋಸಲಿಕ್ಕೆ ಒಳಗ ಹೋದೆ.

ನೋಡಬ್ಯಾಡ್ರಿ ಅನ್ನಂಗಿಲ್ಲ ನಾ. ನಮ್ಮ ಹೆಣ್ಣುಮಕ್ಕಳಷ್ಟು ಹಕ್ಕಿ ನೋಡೋವರು ಯಾರದಾರ? ಕ್ಯಾಮೆರಾದವರು ಕಾಡಿಗೆ ಹೋಗಿ ನೋಡತಾರ, ನಾವು ಅರಿವಿ ಒಣ ಹಾಕೋವಾಗ, ಭಾಂಡಿ ತಿಕ್ಕೋವಾಗ, ಕಿಡಕಿಯಾಗ ಕಾಯಿಪಲ್ಲೆ ಹೆಚ್ಚೋವಾಗ ದಿವಸಾ ನೋಡತೀವಿ. ನೋಡ್ರಿ. ಕಿಡಕಿ ಒಳಗಿಂದ ನೋಡ್ರಿ. ಕ್ಯಾಲೆಂಡರದಾಗ ಆ ತಾರೀಖಿನ ಮನಿಯೊಳಗ, ಹಾಲಿನ ಲೆಕ್ಕದ ಬಾಜೂ ಬರದಿಡ್ರಿ: ಏನು ಕಂಡಿತು, ಕಣ್ಣು ಯಾವ ಬಣ್ಣ, ಯಾರು ತುತ್ತು ಕೊಟ್ರು. ಹಕ್ಕಿ ನೋಡೋವರ ಇ-ಬರ್ಡ್ ಅಂತ ಒಂದು ಆ್ಯಪ್ ಇರತದ, ಅದರಾಗ ಹಾಕೋ ಆಶಾ ಇದ್ರ ಹಕ್ಕಿ ಹಾರಿ ಹೋದ ಮ್ಯಾಲೆ ಹಾಕ್ರಿ, ಶಾಸ್ತ್ರಕ್ಕ ಅಷ್ಟು ಸಾಕು. ಕುಂಕುಮ, ಹಾಲು, ಬಾಳಿಹಣ್ಣು ಬ್ಯಾಡ. ಸುಡೋ ಬಿಸಲಿನಾಗ ಮಾಳಗಿ ಮ್ಯಾಲೆ ನೆರಳಿನಾಗ ಅಗಲ ಬಾಯಿ ಮಣ್ಣಿನ ಪಾತ್ರೆಯಾಗ ನೀರಿಡ್ರಿ, ಕರೇದಕ್ಕೂ ಬಿಳೇದಕ್ಕೂ. ಊರು, ಓಣಿ, ಗಿಡ, ಟೊಂಗಿ ಗ್ರೂಪಿಗೆ ಹಾಕಬ್ಯಾಡ್ರಿ. ಮನಿಯಾಗ ಬಾಣಂತಿ ಇದ್ದಾಗ ಯಾರು ಬಂದು ಕೂಸು ನೋಡಬೇಕು, ಯಾವಾಗ ನೋಡಬೇಕು ಅಂತ ನಿರ್ಧಾರ ಮಾಡೋ ಅಕಲು ನಮಗದ. ಗಿಡದ ಮ್ಯಾಲಿನ ಬಾಣಂತನಕ್ಕ ಆ ಅಕಲು ಯಾಕ ಓಡಂಗಿಲ್ಲ?

ಇಷ್ಟು ದಿವಸ ಬಿಟ್ಟು ಈಗ್ಯಾಕ ಬರದೆ ಅಂದ್ರ, ಅದಕ್ಕೊಂದು ಕಾರಣ ಅದ. ಮೌಶಿ ಮಗಳ ಸಲುವಾಗಿ ಓದಿದ ಲೆಕ್ಕ ಕಾಗಿಗೂ ಅದ. ತಾಯಿ-ತಂದಿ ಎರಡರಾಗೂ ಆ ಗುಣ ಅಡಗಿ ಕೂತಿದ್ರ, ಅದ ಜೋಡಿ ಇಡೋ ಒಂದೊಂದು ತತ್ತಿಗೂ ನಾಕರಾಗ ಒಂದು ಪಾಲು ಬಿಳೇದಾಗೋ ಸಾಧ್ಯತಾ ಇರತದ. ಹೋದ ವಾರ ನನ್ನ ಅರಿವಿ ಒಣ ಹಾಕೋ ಹಗ್ಗದಿಂದ ಎರಡು ಚಿಮಟಾ, ಒಂದು ತುಂಡು ತಂತಿ ಹೋತು. ಬೇವಿನ ಗಿಡಕ್ಕ ಮತ್ತ ಒಂದು ಜೋಡಿ ಬಂದದ. ಹೋದ ವರ್ಷದ್ದ ಜೋಡಿ ಹೌದೋ ಅಲ್ಲೋ, ಕರೇ ಕಾಗಿಗೆ ನಾ ಎಲ್ಲಿ ಗುರ್ತು ಇಟ್ಟೀನಿ? ಆದ್ರ ಈ ಸಲ ಭಾಳ ಮ್ಯಾಲೆ ಕಟ್ಟಲಿಕ್ಕೆ ಹತ್ಯಾವ.

ನಿನ್ನೆ ನಾದಿನಿ ಬಂದಿದ್ದಳು. ಚಹಾ ಕುಡಕೋತ ಹಿತ್ತಲ ಕಡೆ ಕುತ್ತಿಗಿ ಚಾಚಿ, "ವೈನಿ, ಈ ವರ್ಷ ಗೂಡು ಕಟ್ಟ್ಯಾವೇನು?" ಅಂತ ಕೇಳಿದಳು.

"ಇಲ್ಲವಾ" ಅಂದೆ, "ಈ ಸಲ ಆ ಕಡೆ ಓಣಿ ಹುಣಸೀ ಗಿಡಕ್ಕ ಹೋಗ್ಯಾವ." ಜೀವನದಾಗ ಮದಲನೇ ಸಲ ಕಾಗಿ ಹಾರಿಸಿದೆ.